ನಾಟಕವನ್ನು ಸಾರಾಂಶಕ್ಕೆ ಇಳಿಸಬೇಡಿ: ಪಠ್ಯ ಮತ್ತು ಪರೀಕ್ಷೆಯ ಹೊಣೆ ಹೊತ್ತವರಿಗೆ ಬಹಿರಂಗ ಪತ್ರ

ಮಾನ್ಯರೇ,

ಪಿಯು ಕನ್ನಡದ ಪಠ್ಯ ರೂಪಿಸುವ ಸಮಿತಿಯವರಿಗೆ, ವಿಶ್ವವಿದ್ಯಾಲಯಗಳ ಕನ್ನಡ ಅಧ್ಯಯನ ಮಂಡಳಿಗಳ ಸದಸ್ಯರಿಗೆ, ಪ್ರಶ್ನೆಪತ್ರಿಕೆಯ ನೀಲನಕ್ಷೆ ಸಿದ್ಧಪಡಿಸುವವರಿಗೆ ಈ ಪತ್ರ ಬರೆಯುತ್ತಿದ್ದೇವೆ. ನಾವು ಕನ್ನಡ ಪಾಠ ಮಾಡುವವರು, ಶಾಲೆ ಕಾಲೇಜುಗಳಲ್ಲಿ ಮಕ್ಕಳ ಜೊತೆ ನಾಟಕ ಕಟ್ಟುವವರು. ಜಾತಿ, ಹಸಿವು, ಅಧಿಕಾರ, ಮೇಲುಕೀಳು ಇವುಗಳ ಬಗ್ಗೆ ಮಾತಾಡುವ ನಾಟಕಗಳು ನಮ್ಮ ಪಠ್ಯಗಳಲ್ಲಿ ಇಲ್ಲವೇ ಇಲ್ಲ ಎಂದು ನಾವು ದೂರುತ್ತಿಲ್ಲ. ಪ್ರಥಮ ಪಿಯುಸಿಗೆ ಚಂದ್ರಶೇಖರ ಕಂಬಾರರ ‘ಬೋಳೇಶಂಕರ’ವನ್ನು ಇಡಿಯ ನಾಟಕವಾಗಿಯೇ ಇಟ್ಟದ್ದು ಒಳ್ಳೆಯ ನಿರ್ಧಾರ. ನಮ್ಮ ಕಳವಳ ಬೇರೆ. ಎಂಥ ನಾಟಕ ಇಟ್ಟರೂ ಅದನ್ನು ಗದ್ಯಪಾಠದಂತೆ ಕಲಿಸುವ, ಗದ್ಯಪಾಠದಂತೆ ಪರೀಕ್ಷಿಸುವ ಪದ್ಧತಿ ಮಾತ್ರ ಬದಲಾಗುತ್ತಿಲ್ಲ. ಅದು ಬದಲಾಗಬೇಕಾದರೆ ಮೊದಲು ಪ್ರಶ್ನೆಪತ್ರಿಕೆ ಬದಲಾಗಬೇಕು.

ಈಗ ನಾಟಕದ ಮೇಲೆ ಬರುವ ಪ್ರಶ್ನೆ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ. ಒಂದು ಮಾತನ್ನು ಎತ್ತಿ ಕೊಟ್ಟು ‘ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ’ ಎನ್ನುತ್ತಾರೆ. ಮೂರು ಅಂಕ. ಆಯ್ಕೆಗೆ ಒಂದು, ಸಂದರ್ಭಕ್ಕೆ ಒಂದು, ಸ್ವಾರಸ್ಯಕ್ಕೆ ಒಂದು. ಯಾವ ನಾಟಕದಿಂದ ಆಯ್ದದ್ದು, ಯಾರು ಯಾರಿಗೆ ಹೇಳಿದ್ದು ಎಂಬುದು ಬಾಯಿಪಾಠವಾಗಿದ್ದರೆ ಎರಡು ಅಂಕ ಖಚಿತ. ಮೂರನೆಯ ಅಂಕಕ್ಕೆ ಗೈಡಿನಲ್ಲಿ ಒಂದು ಸಿದ್ಧ ವಾಕ್ಯವಿದೆ: ‘ಇಲ್ಲಿ ಅಸ್ಪೃಶ್ಯತೆಯ ಕ್ರೌರ್ಯ ಸ್ವಾರಸ್ಯಕರವಾಗಿ ವ್ಯಕ್ತವಾಗಿದೆ.’ ಈ ವಾಕ್ಯ ಬರೆಯಲು ನಾಟಕ ಓದಬೇಕಾಗಿಯೇ ಇಲ್ಲ. ಕ್ರೌರ್ಯವನ್ನು ಸ್ವಾರಸ್ಯಕರ ಎಂದು ಬರೆಯುತ್ತಿದ್ದೇವೆ ಎಂಬುದೂ ಬರೆಯುವ ಹುಡುಗನಿಗೆ ಹೊಳೆಯುವುದಿಲ್ಲ. ಪರೀಕ್ಷೆ ಕೇಳುವುದು ಇಷ್ಟೇ ಎಂದಾದ ಮೇಲೆ ಅಧ್ಯಾಪಕರು ಸಾರಾಂಶ ಬರೆಸಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಪೋರ್ಷನ್ ಮುಗಿಸುವ ಒತ್ತಡದಲ್ಲಿರುವ ಅವರನ್ನು ದೂರಿ ಫಲವಿಲ್ಲ.

ಸಾಮಾಜಿಕ ಕಾಳಜಿ ಬೆಳೆಸಲು ಪ್ರಬಂಧ ಸಾಲದೇ, ನಾಟಕವೇ ಏಕೆ ಎಂದು ಕೇಳುವವರಿದ್ದಾರೆ. ಪ್ರಬಂಧದಲ್ಲಿ ಲೇಖಕ ತನ್ನ ತೀರ್ಮಾನ ಹೇಳಿಬಿಡುತ್ತಾನೆ. ಓದುವವರು ತಲೆಯಾಡಿಸಿದರೆ ಮುಗಿಯಿತು. ನಾಟಕದಲ್ಲಿ ಪ್ರತಿಯೊಬ್ಬನೂ ತಾನೇ ಸರಿ ಎಂದುಕೊಂಡು ಮಾತಾಡುತ್ತಾನೆ. ಹದಿನಾರು ವರ್ಷದ ಹುಡುಗಿಯೊಬ್ಬಳು ತಾನು ಒಪ್ಪದ ಮಾತನ್ನು ತನ್ನದೇ ಬಾಯಿಂದ, ನಂಬುವಂತೆ ಹೇಳಬೇಕಾಗುತ್ತದೆ. ಹಾಗೆ ಹೇಳಬೇಕಾದರೆ ಆ ಮಾತಿನ ಹಿಂದಿನ ಭಯ, ಲಾಭ, ರೂಢಿ ಎಲ್ಲವನ್ನೂ ಅವಳು ಹುಡುಕಿ ತೆಗೆಯಬೇಕು. ಅನ್ಯಾಯ ಕೆಟ್ಟದ್ದು ಎಂದು ತಿಳಿಯುವುದು ಸುಲಭ. ಅನ್ಯಾಯ ಮಾಡುವವನಿಗೆ ಅದು ಏಕೆ ಸಹಜವಾಗಿ ಕಾಣುತ್ತದೆ ಎಂದು ತಿಳಿಯುವುದು ಕಷ್ಟ. ತರಗತಿಯಲ್ಲಿ ಆ ಕಷ್ಟದ ಕೆಲಸ ಮಾಡಿಸಲು ನಾಟಕದಷ್ಟು ಒದಗುವ ಪಠ್ಯ ಇನ್ನೊಂದಿಲ್ಲ.

ಮಾತು ಗಾಳಿಯಲ್ಲಿ ಉಳಿಯಬಾರದೆಂದು ಒಂದೇ ನಾಟಕ ಹಿಡಿದು ಹೇಳುತ್ತೇವೆ. ಕುವೆಂಪು ಅವರ ‘ಜಲಗಾರ’, 1928ರದ್ದು. ಒಂದು ಅವಧಿಯಲ್ಲಿ ಗಟ್ಟಿಯಾಗಿ ಓದಿ ಮುಗಿಸಬಹುದಾದಷ್ಟು ಚಿಕ್ಕದು. ಬೀದಿ ಗುಡಿಸುವ ಜಲಗಾರನನ್ನು ರೈತನೊಬ್ಬ ಶಿವನ ಗುಡಿಗೆ ಕರೆಯುತ್ತಾನೆ. ಗುಡಿಯ ಬಾಗಿಲು ಜಲಗಾರನಿಗೆ ತೆರೆದಿಲ್ಲ. ಕೊನೆಗೆ ಶಿವನೇ ಜಲಗಾರನ ರೂಪದಲ್ಲಿ ಬೀದಿಗೆ ಬರುತ್ತಾನೆ. ಅದನ್ನು ಬರೆದಾಗ ಕುವೆಂಪು ಇನ್ನೂ ಇಪ್ಪತ್ತೈದು ತುಂಬದ ತರುಣ. ಅದಕ್ಕೆ ಒಂದು ವರ್ಷ ಹಿಂದೆ, 1927ರಲ್ಲಿ, ದಲಿತರಿಗೆ ಮುಟ್ಟಲು ಬಿಡದಿದ್ದ ಮಹಾಡದ ಕೆರೆಯ ನೀರು ಮುಟ್ಟುವ ಸತ್ಯಾಗ್ರಹವನ್ನು ಅಂಬೇಡ್ಕರ್ ನಡೆಸಿದ್ದರು. ನಾಸಿಕದ ಕಾಳಾರಾಮ ಗುಡಿಯ ಪ್ರವೇಶಕ್ಕಾಗಿ ಹೋರಾಟ ಶುರುವಾದದ್ದು 1930ರಲ್ಲಿ. ತಿರುವಾಂಕೂರಿನಲ್ಲಿ ದೇವಾಲಯ ಪ್ರವೇಶದ ಘೋಷಣೆ ಹೊರಟದ್ದು 1936ರಲ್ಲಿ. ಈ ನಾಲ್ಕು ಇಸವಿಗಳನ್ನು ಬೋರ್ಡಿನ ಮೇಲೆ ಒಂದು ಗೆರೆಯಲ್ಲಿ ಬರೆದರೆ ಸಾಕು, ಕವಿಯೊಬ್ಬನ ಕಲ್ಪನೆ ಎಂದುಕೊಂಡದ್ದು ಆ ಹೊತ್ತಿನ ಬಿಸಿ ಪ್ರಶ್ನೆಯಾಗಿತ್ತು ಎಂದು ಮಕ್ಕಳಿಗೆ ತಿಳಿಯುತ್ತದೆ.

ಇದಕ್ಕೆ ಆರು ಅವಧಿ ಬೇಕು. ಮೊದಲ ಅವಧಿಯಲ್ಲಿ ಅಧ್ಯಾಪಕರು ವಿವರಣೆಯಿಲ್ಲದೆ ಪೂರ್ತಿ ಓದಬೇಕು, ಅಷ್ಟೆ. ಆಮೇಲೆ ಮಕ್ಕಳು ಓದತೊಡಗಿದಾಗ ಎಡವುವುದು ಛಂದಸ್ಸಿನಲ್ಲಿ. ನಾಟಕದ ಮಾತುಗಳಿರುವುದು ಸರಳ ರಗಳೆಯಲ್ಲಿ: ಐದು ಮಾತ್ರೆಯ ನಾಲ್ಕು ಗಣ, ಸಾಲಿಗೆ ಇಪ್ಪತ್ತು ಮಾತ್ರೆ, ಪ್ರಾಸದ ಕಟ್ಟಿಲ್ಲ. ವಾಕ್ಯ ಸಾಲಿನ ಕೊನೆಗೆ ನಿಲ್ಲದೆ ಮುಂದಿನ ಸಾಲಿಗೆ ಹರಿಯುತ್ತದೆ. ಮಕ್ಕಳು ಅಭ್ಯಾಸಬಲದಿಂದ ಪ್ರತಿ ಸಾಲಿನ ತುದಿಯಲ್ಲೂ ನಿಲ್ಲುತ್ತಾರೆ, ಅರ್ಥ ಅಲ್ಲೇ ಮುರಿದುಬೀಳುತ್ತದೆ, ‘ಹಳಗನ್ನಡ ಸಾರ್, ತಿಳಿಯೋದಿಲ್ಲ’ ಎಂಬ ದೂರು ಬರುತ್ತದೆ. ಇದಕ್ಕೆ ಪರಿಹಾರ ಪೆನ್ಸಿಲಿನಲ್ಲಿದೆ. ಅರ್ಥ ಎಲ್ಲಿ ನಿಲ್ಲುತ್ತದೋ ಅಲ್ಲಿ ಒಂದು ಓರೆಗೆರೆ ಹಾಕಿಸಿ, ಗೆರೆಯಿಂದ ಗೆರೆಗೆ ಓದಿಸಿ, ಸಾಲಿನ ತುದಿಯನ್ನು ಮರೆಯಲು ಹೇಳಿ. ಹತ್ತಕ್ಕಿಂತ ಹೆಚ್ಚು ಪದಗಳಿಗೆ ಅರ್ಥ ಹೇಳಲು ಹೋಗಬೇಡಿ. ಉಳಿದವು ಬಾಯಲ್ಲಿ ಆಡುತ್ತಾ ಆಡುತ್ತಾ ತಿಳಿಯುತ್ತವೆ.

ಎರಡನೆಯ ಅವಧಿ ಓದಿಗೇ. ಅರವತ್ತು ಮಕ್ಕಳಿದ್ದರೆ ಹತ್ತು ಹತ್ತರ ಆರು ಗುಂಪು, ಗುಂಪಿಗೆ ಹನ್ನೆರಡರಿಂದ ಹದಿನೈದು ಸಾಲು. ಎಲ್ಲರೂ ಒಟ್ಟಿಗೆ ಓದಿದರೆ ಗಲಾಟೆ ಪಕ್ಕದ ಕೋಣೆಗೆ ಕೇಳಿಸುತ್ತದೆ, ಪ್ರಾಂಶುಪಾಲರಿಂದ ಚೀಟಿ ಬರುತ್ತದೆ. ಮೂರು ಗುಂಪು ಕಾರಿಡಾರಿಗೆ ಅಥವಾ ಮರದ ಕೆಳಗೆ ಹೋಗಲಿ. ಮೊದಲೇ ಅನುಮತಿ ಪಡೆದಿರಬೇಕಾದ ಸಣ್ಣ ಸಂಗತಿ ಇದು, ಆದರೆ ಬಹಳಷ್ಟು ಕಡೆ ಪ್ರಯತ್ನ ನಿಂತುಹೋಗುವುದು ಇಲ್ಲೇ.

ಮೂರನೆಯ ಅವಧಿಯೇ ಈ ಪಾಠದ ಜೀವ. ಮುಂದಿನ ಎರಡು ಸಾಲು ಬೆಂಚುಗಳನ್ನು ಗೋಡೆಗೆ ಸರಿಸಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಉದ್ದ ಗೆರೆ ಎಳೆಯಿರಿ, ಅದು ಗುಡಿಯ ಹೊಸ್ತಿಲು. ಪ್ರತಿ ಗುಂಪಿನಲ್ಲಿ ಇಬ್ಬರು ಮಾತು ಓದುತ್ತಾರೆ, ಇನ್ನಿಬ್ಬರು ಮಾತಿಲ್ಲದೆ ರೈತ ಮತ್ತು ಜಲಗಾರರಾಗಿ ನಿಲ್ಲುತ್ತಾರೆ, ಉಳಿದ ಆರು ಮಂದಿ ಅವರು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುತ್ತಾರೆ. ರೈತ ಜಲಗಾರನನ್ನು ಕರೆಯುವಾಗ ಇಬ್ಬರ ನಡುವೆ ಎಷ್ಟು ಹೆಜ್ಜೆ? ರೈತ ಹತ್ತಿರ ಬರುತ್ತಾನೋ, ಇದ್ದಲ್ಲಿಂದಲೇ ಕೂಗುತ್ತಾನೋ? ‘ಬಾ’ ಎನ್ನುವಾಗ ಅವನ ಮುಖ ಜಲಗಾರನ ಕಡೆಗಿದೆಯೋ ಗುಡಿಯ ಕಡೆಗೋ? ಜಲಗಾರನ ಪೊರಕೆ ಕೈಯಲ್ಲಿದೆಯೋ ನೆಲದ ಮೇಲೋ? ಪ್ರತಿ ತೀರ್ಮಾನಕ್ಕೂ ಪಠ್ಯದ ಒಂದು ಮಾತನ್ನು ಆಧಾರವಾಗಿ ತೋರಿಸಬೇಕು. ‘ನಮಗೆ ಹಾಗನ್ನಿಸಿತು’ ಸಾಲದು. ಒಂದು ಗುಂಪು ಎರಡು ಹೆಜ್ಜೆ ದೂರ ಇಡುತ್ತದೆ, ಇನ್ನೊಂದು ಎಂಟು ಹೆಜ್ಜೆ. ಇಬ್ಬರೂ ಅದೇ ಸಾಲುಗಳನ್ನು ತೋರಿಸುತ್ತಾರೆ. ರೈತ ಒಳ್ಳೆಯವನು, ಕರೆಯುವ ಮನಸ್ಸುಳ್ಳವನು, ಆದರೂ ಮುಟ್ಟುವಷ್ಟು ಹತ್ತಿರ ಬರುತ್ತಾನೆಯೇ ಎಂಬ ವಾದ ಶುರುವಾದಾಗ ಅಸ್ಪೃಶ್ಯತೆ ಎಂಬ ಪದವನ್ನು ಯಾರೂ ಬೋರ್ಡಿನ ಮೇಲೆ ಬರೆಯಬೇಕಾಗುವುದಿಲ್ಲ. ನೆಲದ ಮೇಲೆ ಅದರ ಅಳತೆಯೇ ಸಿಕ್ಕಿರುತ್ತದೆ.

ನಗು ಬರುತ್ತದೆ, ಬಂದೇ ಬರುತ್ತದೆ. ಪೊರಕೆ ಹಿಡಿದು ನಿಂತವನನ್ನು ನೋಡಿ ಹಿಂದಿನ ಬೆಂಚಿನವರು ಕಿಸಕ್ಕೆನ್ನುತ್ತಾರೆ. ಹೆಚ್ಚಿನ ಸಲ ಅದು ತಿರಸ್ಕಾರದ ನಗುವಲ್ಲ, ಮುಜುಗರದ್ದು. ಗದರಿಸಿದರೆ ನಗು ನಿಲ್ಲುತ್ತದೆ, ಜೊತೆಗೆ ಪಾಠವೂ. ಓದು ನಿಲ್ಲಿಸಿ, ಪಾತ್ರಧಾರಿಗಳು ತರಗತಿಗೆ ಬೆನ್ನು ಮಾಡಿ ಅದೇ ಮಾತು ಮತ್ತೆ ಆಡಲಿ. ಮುಖ ಕಾಣದಾದಾಗ ನಗಲು ಏನೂ ಉಳಿಯುವುದಿಲ್ಲ, ಮಾತು ಮಾತ್ರ ಕೇಳಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಪಾತ್ರ ಹಂಚುವುದರಲ್ಲಿದೆ. ಈ ಮಾತನ್ನು ದಯವಿಟ್ಟು ಅಧ್ಯಾಪಕರ ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿಸಿ. ವಿದ್ಯಾರ್ಥಿವೇತನದ ಪಟ್ಟಿಯನ್ನು ತರಗತಿಯಲ್ಲೇ ಓದಿ ಹೇಳುವ ರೂಢಿ ಇರುವ ಕಡೆ ಯಾರು ಯಾವ ಜಾತಿ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಅಂಥಲ್ಲಿ ಜಲಗಾರನ ಪಾತ್ರ ದಲಿತ ಹುಡುಗನ ಕೈಗೆ ಹೋದರೆ, ನಾಟಕ ಯಾವುದನ್ನು ವಿರೋಧಿಸುತ್ತದೋ ಅದೇ ತರಗತಿಯಲ್ಲಿ ನಡೆದಂತಾಯಿತು. ‘ಅವನಿಗೆ ಒಪ್ಪುತ್ತೆ’ ಎಂಬ ಮಾತು ಯಾರ ಬಾಯಲ್ಲೂ ಬರಕೂಡದು. ಚೀಟಿ ಎತ್ತಿ ಪಾತ್ರ ಹಂಚಿ. ಅದಕ್ಕಿಂತ ಒಳ್ಳೆಯದು, ಪುಟ ತಿರುಗಿದಂತೆಲ್ಲ ಪಾತ್ರ ಬದಲಿಸಿ: ಒಂದೇ ಅವಧಿಯಲ್ಲಿ ಕನಿಷ್ಠ ಐವರು ಜಲಗಾರರಾಗಬೇಕು, ಅದರಲ್ಲಿ ಹುಡುಗಿಯರೂ ಇರಬೇಕು. ಹೆಗಲ ಮೇಲಿನ ಒಂದು ಟವೆಲ್ ಕೈಯಿಂದ ಕೈಗೆ ದಾಟಿದರೆ ಪಾತ್ರ ದಾಟಿತೆಂದು ಎಲ್ಲರಿಗೂ ತಿಳಿಯುತ್ತದೆ. ಮುಖಕ್ಕೆ ಮಸಿ ಬಳಿಯುವುದು, ಹರಕು ಬಟ್ಟೆ ತೊಡಿಸುವುದು, ಯಾವುದೋ ಕೇರಿಯ ಮಾತಿನ ಧಾಟಿ ಅನುಕರಿಸುವುದು ಬೇಡವೇ ಬೇಡ. ‘ನಿಮ್ಮ ಮನೇಲಿ ಹೇಗೆ? ನಿಮಗೂ ಹೀಗೆ ಆಗಿದೆಯಾ?’ ಎಂದು ಯಾವ ಮಗುವನ್ನೂ ಎಬ್ಬಿಸಿ ಕೇಳಬಾರದು. ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ಅಷ್ಟೇ. ಅವಧಿಯ ಕೊನೆಯ ಐದು ನಿಮಿಷ ಪಾತ್ರ ಕಳಚಲು ಮೀಸಲಿಡಿ: ಟವೆಲ್ ಮೇಜಿನ ಮೇಲಿಟ್ಟು, ಪ್ರತಿಯೊಬ್ಬರೂ ತಮ್ಮ ಹೆಸರು ಹೇಳಿ, ತಾವು ಆಡಿದ ಮಾತುಗಳಲ್ಲಿ ತಮಗೆ ಒಪ್ಪಿಗೆಯಾಗದ್ದು ಯಾವುದು ಎಂದು ಹೇಳಿ ಕೂರಲಿ. ಇದನ್ನು ಬಿಟ್ಟುಬಿಟ್ಟರೆ ಪಾತ್ರದ ಹೆಸರು ಅಡ್ಡಹೆಸರಾಗಿ ವರ್ಷವಿಡೀ ಉಳಿಯುತ್ತದೆ.

ನಾಲ್ಕನೆಯ ಅವಧಿಯಲ್ಲಿ ‘ಅದೆಲ್ಲ ಆ ಕಾಲದಲ್ಲಿತ್ತು’ ಎಂಬ ಮಾತನ್ನು ಎದುರಿಸಬೇಕು. ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ 17ನೆಯ ವಿಧಿ, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರಲ್ಲಿ ಅದು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಾದದ್ದು, 1989ರ ದೌರ್ಜನ್ಯ ತಡೆ ಕಾಯ್ದೆ. ನಮ್ಮ ರಾಜ್ಯದ ಮಟ್ಟಿಗೆ, 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಆದರೂ ಇಡೀ ದೇಶಕ್ಕೆ 1993ರಲ್ಲಿ ಒಂದು ಕಾನೂನು, 2013ರಲ್ಲಿ ಮತ್ತೊಂದು ಬೇಕಾಯಿತು. ಮಲಗುಂಡಿ, ಮ್ಯಾನ್‌ಹೋಲ್‌ಗಳಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು; 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂತು ಎಂದರೆ ಸಾವು ನಿಂತಿಲ್ಲ ಎಂದೇ ಅಲ್ಲವೇ? ಈ ಪ್ರಶ್ನೆಯನ್ನು ಮಕ್ಕಳೇ ಕೇಳುವಂತೆ ಇಸವಿಗಳನ್ನು ಮಾತ್ರ ಕೊಟ್ಟು ಸುಮ್ಮನಿರುವುದು ಲೇಸು. ಪೌರಕಾರ್ಮಿಕರನ್ನು ಮಾತಾಡಿಸಿ ಬರಲು ಕಳಿಸುವುದಾದರೆ ಮೂವರಿಗಿಂತ ಹೆಚ್ಚು ಮಂದಿ ಒಟ್ಟಿಗೆ ಹೋಗಬಾರದು, ಕೆಲಸದ ಹೊತ್ತಿನಲ್ಲಿ ತಡೆಯಬಾರದು, ಕೇಳದೆ ಫೋಟೋ ತೆಗೆಯಬಾರದು, ತೆಗೆದದ್ದು ವಾಟ್ಸ್ಆ್ಯಪ್‌ಗೆ ಹೋಗಬಾರದು. ಕೂಲಿ ಎಷ್ಟು, ಕೈಗವಸು ಸಿಗುತ್ತದೆಯೇ, ಕೆಲಸದ ನಡುವೆ ಶೌಚಕ್ಕೆ ಎಲ್ಲಿಗೆ ಹೋಗುತ್ತೀರಿ: ಇಷ್ಟು ಕೇಳಿದರೆ ಸಾಕು. ಮೂರನೆಯ ಪ್ರಶ್ನೆಯ ಉತ್ತರ ಮಕ್ಕಳ ಮನಸ್ಸಿನಲ್ಲಿ ಬಹಳ ಕಾಲ ಉಳಿಯುತ್ತದೆ.

ಐದನೆಯ ಅವಧಿ ನಾಟಕವನ್ನೇ ಪ್ರಶ್ನಿಸುವುದಕ್ಕೆ. ಶಿವ ಬಂದದ್ದರಿಂದ ಗುಡಿಯ ಬಾಗಿಲು ತೆರೆಯಿತೇ? ಮರುದಿನ ಬೆಳಗ್ಗೆ ಬೀದಿ ಗುಡಿಸುವವರು ಯಾರು? ಕಾಯಕ ದೊಡ್ಡದು ಎಂದು ಹೊಗಳಿದರೆ ಆ ಕಾಯಕ ಒಂದೇ ಜಾತಿಯ ಪಾಲಿಗೆ ಉಳಿದದ್ದು ಮರೆತುಹೋಗುವುದಿಲ್ಲವೇ? ಇಂಥ ಪ್ರಶ್ನೆ ಕೇಳಿದ ವಿದ್ಯಾರ್ಥಿಯನ್ನು ‘ರಾಷ್ಟ್ರಕವಿಗಳ ಬಗ್ಗೆ ಹಾಗೆಲ್ಲ ಮಾತಾಡಬಾರದು’ ಎಂದು ಕೂರಿಸುವುದು ಕುವೆಂಪು ಅವರಿಗೇ ಸಲ್ಲದ ಮಾತು. ಈ ಕಾರಣಕ್ಕೇ ‘ಜಲಗಾರ’ ಒಂಟಿಯಾಗಿ ಪಠ್ಯದಲ್ಲಿರಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಅದರ ಪಕ್ಕದಲ್ಲಿ ಸಿದ್ಧಲಿಂಗಯ್ಯನವರ ‘ಪಂಚಮ’ದ ಒಂದು ಭಾಗವನ್ನೋ, ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದ ದೇವನೂರ ಮಹಾದೇವರ ‘ಒಡಲಾಳ’ದ ಒಂದು ದೃಶ್ಯವನ್ನೋ ಇಡಿ. ಅನುಕಂಪದಿಂದ ನೋಡಿ ಬರೆದದ್ದಕ್ಕೂ ದಲಿತ ಲೇಖಕರ ಒಳಗಿನಿಂದ ಬಂದದ್ದಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೆ ವಿವರಿಸದೆಯೇ ಕೇಳಿಸುತ್ತದೆ. ‘ಒಡಲಾಳ’ದ ಸಾಕವ್ವನ ಮಾತಿನ ಒಂದು ಪುಟ ಓದಿದರೆ ಭಾಷೆಯೇ ಬೇರೆ, ನಗುವೇ ಬೇರೆ.

ಆರನೆಯ ಅವಧಿಗೆ ಬ್ರೆಜಿಲಿನ ಅಗಸ್ಟೊ ಬೊಆಲ್ ರೂಪಿಸಿದ ವಿಧಾನವನ್ನು ಬಳಸಬಹುದು. ದೃಶ್ಯ ನಡೆಯುತ್ತಿರುವಾಗ ನೋಡುವವರಲ್ಲಿ ಯಾರಾದರೂ ‘ನಿಲ್ಲಿ’ ಎಂದು ಕೈಯೆತ್ತಿ, ಒಳಬಂದು, ಒಂದು ಪಾತ್ರದ ಜಾಗದಲ್ಲಿ ನಿಂತು ಬೇರೆ ದಾರಿ ಪ್ರಯತ್ನಿಸಬಹುದು. ನಿಯಮ ಒಂದಿದೆ: ದಬ್ಬಾಳಿಕೆ ಮಾಡುವವನನ್ನು ಏಕಾಏಕಿ ಒಳ್ಳೆಯವನನ್ನಾಗಿ ಮಾಡುವಂತಿಲ್ಲ. ಹಾಗೆ ಬಿಟ್ಟರೆ ಎರಡು ನಿಮಿಷದಲ್ಲಿ ಎಲ್ಲರೂ ಕೈಕುಲುಕಿ ನಾಟಕ ಮುಗಿಸುತ್ತಾರೆ. ‘ಜಲಗಾರ’ದಲ್ಲಿ ಬದಲಿಸಲು ಯೋಗ್ಯವಾದ ಪಾತ್ರ ರೈತನದು. ‘ನೀನು ಬಾರದ ಗುಡಿಗೆ ನಾನೂ ಹೋಗುವುದಿಲ್ಲ’ ಎಂದು ಅವನು ನಿಂತರೆ ಅವನಿಗೆ ಮನೆಯಲ್ಲಿ ಏನಾಗುತ್ತದೆ, ಊರಿನಲ್ಲಿ ಏನಾಗುತ್ತದೆ? ತರಗತಿಯ ಬಹುಪಾಲು ಮಕ್ಕಳು ಬದುಕಿನಲ್ಲಿ ನಿಲ್ಲುವುದು ರೈತನ ಜಾಗದಲ್ಲೇ, ಆದ್ದರಿಂದ ಈ ಪ್ರಶ್ನೆ ಅವರದೇ.

ವಿವಾದದ ಭಯ ನಿಮಗಿದೆ ಎಂದು ಗೊತ್ತು. ಬಸವಣ್ಣ ಮತ್ತು ಶರಣರ ಕುರಿತ ಎಚ್.ಎಸ್. ಶಿವಪ್ರಕಾಶರ ನಾಟಕ ‘ಮಹಾಚೈತ್ರ’ ಪಠ್ಯವಾಗಿದ್ದಾಗ 1990ರ ದಶಕದಲ್ಲಿ ಎದ್ದ ಗದ್ದಲ ಕನ್ನಡ ವಿಭಾಗಗಳಿಗೆ ಇನ್ನೂ ನೆನಪಿದೆ. ಕುವೆಂಪು ಅವರ ‘ಶೂದ್ರ ತಪಸ್ವಿ’ಯೂ 1944ರಲ್ಲೇ ಚರ್ಚೆ ಎಬ್ಬಿಸಿತ್ತು, ಪುರಾಣದ ಕಥೆಯನ್ನು ಹೀಗೆ ತಿರುಗಿಸಬಹುದೇ ಎಂದು ಆಕ್ಷೇಪಿಸಿದವರು ಮಾಸ್ತಿಯಂಥ ಹಿರಿಯರು. ಇಬ್ಬರು ದೊಡ್ಡ ಲೇಖಕರು ಬಹಿರಂಗವಾಗಿ, ವಾದದ ಮೂಲಕ ಭಿನ್ನರಾದರು. ಆ ಭಿನ್ನಾಭಿಪ್ರಾಯವನ್ನೂ ನಾಟಕದ ಜೊತೆಗೆ ಪಠ್ಯದಲ್ಲಿ ಕೊಡಿ. ವಾಲ್ಮೀಕಿಯ ಉತ್ತರಕಾಂಡದಲ್ಲಿ, ಶೂದ್ರನಾಗಿ ತಪಸ್ಸು ಮಾಡಿದನೆಂದು ರಾಮ ಶಂಬೂಕನನ್ನು ಕೊಲ್ಲುತ್ತಾನೆ. ಕುವೆಂಪು ಅವರಲ್ಲಿ ರಾಮನ ಅಸ್ತ್ರ ತಪಸ್ವಿಗೆ ನಮಿಸಿ, ಕೊಲ್ಲಲು ಒತ್ತಾಯಿಸಿದ ಬ್ರಾಹ್ಮಣನನ್ನೇ ಅಟ್ಟುತ್ತದೆ. ಎರಡನ್ನೂ ಎದುರುಬದುರು ಇಟ್ಟು ಓದಿಸಿದರೆ ಪಕ್ಷಪಾತದ ಆರೋಪಕ್ಕೆ ಅವಕಾಶವೇ ಇರುವುದಿಲ್ಲ. ವಿರೋಧ ಬಂದೊಡನೆ ಪಾಠವನ್ನು ಸದ್ದಿಲ್ಲದೆ ತೆಗೆದುಹಾಕುವುದು ಮಾತ್ರ ಅಧ್ಯಾಪಕರನ್ನು ನಡುನೀರಿನಲ್ಲಿ ಕೈಬಿಟ್ಟಂತೆ.

ನಾಟಕ ಆರಿಸುವಾಗ ನಾವು ನೋಡುವ ಮುಖ್ಯ ಗುಣ ಒಂದೇ: ತಪ್ಪು ಪಕ್ಷದಲ್ಲಿ ನಿಂತವನಿಗೂ ಗಟ್ಟಿ ಮಾತುಗಳಿವೆಯೇ? ಇಲ್ಲದಿದ್ದರೆ ಅದು ಪ್ರಚಾರದ ನಾಟಕ, ಬೀದಿಯಲ್ಲಿ ಅದಕ್ಕೆ ತನ್ನ ಕೆಲಸವಿದೆ, ಆದರೆ ತರಗತಿಯಲ್ಲಿ ಅರ್ಧ ಗಂಟೆಗೆ ಮುಗಿದುಹೋಗುತ್ತದೆ. ಪದವಿ ತರಗತಿಗೆ ಗಿರೀಶ ಕಾರ್ನಾಡರ ‘ತಲೆದಂಡ’ ಒಪ್ಪುವುದು ಇದೇ ಕಾರಣಕ್ಕೆ. 1990ರಲ್ಲಿ ಬಂದ ಆ ನಾಟಕದಲ್ಲಿ ಬಿಜ್ಜಳ ಖಳನಾಯಕನಲ್ಲ. ಸಿಂಹಾಸನದ ಮೇಲೆ ಕುಳಿತೂ ತನ್ನ ಹುಟ್ಟಿನ ಜಾತಿಯ ಹಂಗಿನಿಂದ ಬಿಡುಗಡೆ ಸಿಗದ ಅರಸ. ಶರಣರ ಮನೆಯ ಅಂತರ್ಜಾತಿ ಮದುವೆಯ ಪ್ರಶ್ನೆಗೆ ಬಸವಣ್ಣನಿಗೂ ಸುಲಭದ ಉತ್ತರವಿಲ್ಲ. ನೂರು ಮಂದಿಯ ತರಗತಿಯನ್ನು ಇಬ್ಭಾಗ ಮಾಡಿ ಮದುವೆ ನಡೆಯಬೇಕೇ, ಮುಂದೂಡಬೇಕೇ ಎಂದು ವಾದಕ್ಕೆ ಬಿಟ್ಟರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

ಈಗ ಪರೀಕ್ಷೆ. ‘ರೈತ ಜಲಗಾರನನ್ನು ಗುಡಿಗೆ ಕರೆಯುವ ಸಂದರ್ಭದಲ್ಲಿ ಇಬ್ಬರನ್ನೂ ರಂಗದ ಮೇಲೆ ಎಷ್ಟು ಅಂತರದಲ್ಲಿ ನಿಲ್ಲಿಸುತ್ತೀರಿ? ಪಠ್ಯದ ಎರಡು ಮಾತುಗಳ ಆಧಾರದಿಂದ ಸಮರ್ಥಿಸಿ.’ ನಾಲ್ಕು ಅಂಕ: ಸ್ಪಷ್ಟ ತೀರ್ಮಾನಕ್ಕೆ ಒಂದು, ಸರಿಯಾದ ಎರಡು ಮಾತುಗಳಿಗೆ ಎರಡು, ಕಾರಣಕ್ಕೆ ಒಂದು. ಅಂತರ ಎಷ್ಟೇ ಬರೆದರೂ ಅಂಕ ಕಳೆಯುವಂತಿಲ್ಲ ಎಂದು ಮೌಲ್ಯಮಾಪಕರ ಮಾದರಿ ಉತ್ತರದಲ್ಲಿ ಸ್ಪಷ್ಟವಾಗಿ ಬರೆಯಬೇಕು. ಇಲ್ಲವಾದರೆ ಮಾದರಿ ಉತ್ತರದಲ್ಲಿರುವ ಸಂಖ್ಯೆಯೇ ಮುಂದಿನ ವರ್ಷ ಗೈಡಿನಲ್ಲಿ ಅಚ್ಚಾಗುತ್ತದೆ. ಇನ್ನೊಂದು: ‘ನಾಟಕದಲ್ಲಿ ನೀವು ಒಪ್ಪದ ಒಂದು ಪಾತ್ರದ ಪರವಾಗಿ ಹತ್ತು ವಾಕ್ಯ ಬರೆಯಿರಿ.’ ಪಿಯು ಆಂತರಿಕ ಮೌಲ್ಯಮಾಪನದ 20 ಅಂಕಗಳಲ್ಲಿ 5 ಅಂಕ ನಾಟಕದ ಗುಂಪು ವಾಚನಕ್ಕೆ ಮೀಸಲಾಗಲಿ. ಅಭಿನಯದ ಚೆಂದಕ್ಕೆ ಅಂಕ ಬೇಡ, ನಾಚಿಕೆ ಸ್ವಭಾವದ ಮಕ್ಕಳಿಗೆ ಅನ್ಯಾಯವಾಗುತ್ತದೆ. ಅರ್ಥಕ್ಕೆ ತಕ್ಕ ನಿಲುಗಡೆ, ಪದಗಳ ಸ್ಪಷ್ಟತೆ, ತೀರ್ಮಾನಕ್ಕೆ ಕೊಟ್ಟ ಆಧಾರ ಇವಿಷ್ಟಕ್ಕೆ ಅಂಕ.

ಖರ್ಚು ಹೆಚ್ಚಿಲ್ಲ: ಸೀಮೆಸುಣ್ಣ, ಟವೆಲ್, ಪೊರಕೆ. ವಾರ್ಷಿಕೋತ್ಸವದ ವೇದಿಕೆಯೂ ಬೇಡ. ಅಲ್ಲಿಗೆ ಹೋದರೆ ಧ್ವನಿಮುದ್ರಿತ ಸಂಗೀತ ಸೇರಿ, ಚರ್ಚೆ ಬಿಟ್ಟುಹೋಗಿ, ಮಕ್ಕಳು ಬಾಯಿ ಅಲ್ಲಾಡಿಸುವಷ್ಟಕ್ಕೆ ಇಳಿಯುತ್ತದೆ. ಬೇಕಾದದ್ದು ಅಧ್ಯಾಪಕರಿಗೆ ಜಿಲ್ಲೆಗೊಂದರಂತೆ ಎರಡು ದಿನದ ತರಬೇತಿ: ಒಂದು ದಿನ ಓದುವುದಕ್ಕೆ, ಒಂದು ದಿನ ಪಾತ್ರ ಹಂಚಿಕೆ ಮತ್ತು ಚರ್ಚೆ ನಡೆಸುವುದಕ್ಕೆ. ಕಲಿಸಬಲ್ಲವರು ನಮ್ಮಲ್ಲೇ ಇದ್ದಾರೆ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ, ಸಾಣೇಹಳ್ಳಿಯಲ್ಲಿ, ರಂಗಾಯಣದಲ್ಲಿ ಕಲಿತವರು, 1975ರಲ್ಲಿ ಹುಟ್ಟಿ ಬೀದಿ ನಾಟಕ ಕಟ್ಟುತ್ತಾ ಬಂದ ‘ಸಮುದಾಯ’ ತಂಡದವರು, ಕೆಲವು ಪ್ರೌಢಶಾಲೆಗಳಲ್ಲಿರುವ ನಾಟಕ ಶಿಕ್ಷಕರು ರಾಜ್ಯದಾದ್ಯಂತ ಹರಡಿದ್ದಾರೆ. ಅವರಿಗೆ ಗೌರವಧನ ಕೊಟ್ಟು ಕರೆಯಿರಿ, ಉಪಕಾರಕ್ಕೆ ಕರೆಯಬೇಡಿ.

ಮುಂದಿನ ಶೈಕ್ಷಣಿಕ ವರ್ಷದ ನೀಲನಕ್ಷೆ ಅಂತಿಮವಾಗುವ ಮೊದಲು ನಾಟಕ ಭಾಗದ ಒಂದು ಸಂದರ್ಭ ಪ್ರಶ್ನೆಯನ್ನಾದರೂ ಮೇಲೆ ಹೇಳಿದ ಮಾದರಿಗೆ ಬದಲಿಸಿ, ಪಾಠವಾರು ಹಂಚಿಕೆಯಲ್ಲಿ ನಾಟಕಕ್ಕೆ ಆರು ಅವಧಿ ಎಂದು ನಮೂದಿಸಿ, ಮಾದರಿ ಪ್ರಶ್ನೆಪತ್ರಿಕೆಯನ್ನು ಜೂನ್ ತಿಂಗಳಲ್ಲೇ ಕಾಲೇಜುಗಳಿಗೆ ತಲುಪಿಸಿ ಎಂದು ಕೋರುತ್ತೇವೆ. ಕೈಪಿಡಿಯ ಕರಡು, ಪ್ರಶ್ನೆಗಳ ಮಾದರಿ, ಅಂಕ ಹಂಚಿಕೆಯ ಪಟ್ಟಿ ಬರೆದುಕೊಡಲು ನಾವು ಸಿದ್ಧರಿದ್ದೇವೆ.

ಇತಿ,
ಕನ್ನಡ ಕಲಿಸುವ ಮತ್ತು ನಾಟಕ ಕಟ್ಟುವ ಕೆಲವರು